ಹಾಸಿಗೆ ಬದಿಗೊಂದು ವಹಿ: ಮನೆ ಆರೈಕೆಗೂ ಒಂದು ಅಳತೆ ಬೇಕು



"ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂಬ ಗಾದೆಯನ್ನು ಒಕ್ಕಲುತನದ ಮನೆಯಲ್ಲಿ ಹುಟ್ಟಿದವರೆಲ್ಲ ಕೇಳಿಯೇ ಇರುತ್ತೇವೆ. ಹೊಲದ ಮಟ್ಟಿಗೆ ಈ ಮಾತು ಇಂದಿಗೂ ಪೂರ್ತಿ ಸುಳ್ಳಲ್ಲ. ಆದರೆ ಮನೆಯ ಮುತ್ಯಾನಿಗೆ ಲಕ್ವಾ ಹೊಡೆದು ಹೊರಸು ಹಿಡಿದಾಗ ಈ ಗಾದೆ ನಮ್ಮ ಕೈಬಿಡುತ್ತದೆ. ತಾನು ಮಾಡೋಣವೆಂದರೆ ಅಜ್ಜಿಗೆ ಎಪ್ಪತ್ತು ದಾಟಿದೆ, ಎತ್ತಿ ಕೂಡ್ರಿಸಲು ತೋಳಿನಲ್ಲಿ ಬಲವಿಲ್ಲ. ಮಗ ಮಾಡಲೆಂದರೆ ಅವನು ಪುಣೆಯಲ್ಲಿದ್ದಾನೆ. ಉಳಿದದ್ದು ಆಳೊಂದೇ. ಹಾಗಾದರೆ ಆಳು ಮಾಡಿದ್ದು ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ? ಈ ತಿಂಗಳು ನಾವು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಜತ್ತ ತಾಲೂಕಿನ ಉಮದಿ, ಸಂಖ, ಮಾಡಗ್ಯಾಳ ಕಡೆಯ ನಮ್ಮ ಊರುಗಳಲ್ಲಿ ಮಳೆ ಕೈಕೊಟ್ಟ ವರ್ಷ ಜನ ದುಡಿಯಲು ಹೊರಗೆ ಹೋಗುವುದು ಹೊಸದಲ್ಲ. ಕಬ್ಬು ಕಡಿಯುವ ಹಂಗಾಮಿಗೆ ಗಂಡಹೆಂಡಿರು ಕೂಡಿಯೇ ಹೋಗುತ್ತಾರೆ. ಓದಿದ ಮಕ್ಕಳು ಸಾಂಗಲಿ, ಪುಣೆ, ಮುಂಬಯಿ ಸೇರುತ್ತಾರೆ. ಮನೆ ಕಾಯುವವರು ವಯಸ್ಸಾದವರು. ಕಾಯಿಲೆ ಬಿದ್ದರೆ ಮಿರಜಕ್ಕೋ ವಿಜಯಪುರಕ್ಕೋ ಓಡುತ್ತೇವೆ. 1894ರಲ್ಲಿ ವಾನ್ಲೆಸ್ ಆಸ್ಪತ್ರೆ, 1962ರಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಂದ ಮೇಲೆ ಮಿರಜವೆಂದರೆ ಡಾಕ್ಟರರ ಊರು ಎಂದೇ ನಮ್ಮ ಹಿರಿಯರ ಎಣಿಕೆ. ಆಸ್ಪತ್ರೆಯವರು ಎಂಟು ಹತ್ತು ದಿನ ಇಟ್ಟುಕೊಂಡು ಜೀವ ಉಳಿಸಿ ಮನೆಗೆ ಕಳಿಸುತ್ತಾರೆ. ಅದರ ಮುಂದಿನ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷಗಟ್ಟಲೆ, ಮನೆಯೇ ಆಸ್ಪತ್ರೆ.

ಈ ಕೊರತೆ ತುಂಬಲು ಪಟ್ಟಣಗಳಲ್ಲಿ ಚಿಕ್ಕ ಚಿಕ್ಕ ಏಜೆನ್ಸಿಗಳು ಹುಟ್ಟಿಕೊಂಡಿವೆ. ಜನ ಅವನ್ನು 'ಬ್ಯೂರೋ' ಎನ್ನುತ್ತಾರೆ. ಅಲ್ಲಿಂದ ಬರುವ ಹೆಂಗಸನ್ನು 'ಮಾವಶಿ' ಎನ್ನುತ್ತಾರೆ. ಒಂದು ಕೋಣೆ, ಒಂದು ಮೊಬೈಲು, ಹತ್ತಿಪ್ಪತ್ತು ಹೆಂಗಸರ ಹೆಸರು: ಎಷ್ಟೋ ಬ್ಯೂರೋಗಳ ಬಂಡವಾಳ ಇಷ್ಟೇ. ನಮ್ಮ ಕುಟುಂಬಗಳು ಈ ವ್ಯವಹಾರದ ಎರಡೂ ಬದಿಗೆ ನಿಂತಿವೆ ಎಂಬುದನ್ನು ಮರೆಯಬಾರದು. ಒಂದು ಮನೆಯವರು ಮಾವಶಿಯನ್ನು ಕರೆಸುತ್ತಾರೆ. ಇನ್ನೊಂದು ಮನೆಯ ಮಗಳು, ಸೊಸೆ ಮಾವಶಿಯಾಗಿ ಪಟ್ಟಣದ ಮನೆಗೆ ಹೋಗುತ್ತಾಳೆ. ಆದುದರಿಂದ ಇಲ್ಲಿ ಹೇಳುವುದು ಇಬ್ಬರಿಗೂ ಸೇರಿದ್ದು.

'ಒಳ್ಳೆಯ ಹೆಂಗಸು ಸಿಕ್ಕರೆ ಸಾಕು'

ಮಾವಶಿಯನ್ನು ಹುಡುಕುವವರೆಲ್ಲ ಹೇಳುವ ಮಾತು ಒಂದೇ: "ಒಳ್ಳೆಯ ಹೆಂಗಸು ಸಿಕ್ಕರೆ ಸಾಕು." ಮಾಡಗ್ಯಾಳ ಟಗರು ಕೊಳ್ಳುವಾಗ ನಾವು ಹಲ್ಲು ಎಣಿಸುತ್ತೇವೆ, ಮೂಗಿನ ಉಬ್ಬು ನೋಡುತ್ತೇವೆ, ನಡೆಸಿ ನೋಡುತ್ತೇವೆ. ಹೆತ್ತ ತಾಯಿಯನ್ನು ಒಪ್ಪಿಸುವಾಗ ಮಾತ್ರ ಮುಖ ನೋಡಿ ಒಪ್ಪಿಬಿಡುತ್ತೇವೆ.

ಒಳ್ಳೆಯ ಮನಸ್ಸು ಬೇಕೇ ಬೇಕು. ಆದರೆ ಅದೊಂದೇ ಸಾಲದು. ಒಳ್ಳೆಯ ಮನಸ್ಸಿನ ಹೆಂಗಸಿಗೂ ರಾತ್ರಿ ನಿದ್ದೆ ಬರುತ್ತದೆ. ಹಗಲಿನವಳು ಕೊಟ್ಟ ಬಿ.ಪಿ. ಗುಳಿಗೆಯನ್ನು ರಾತ್ರಿಯವಳು ಗೊತ್ತಿಲ್ಲದೆ ಮತ್ತೊಮ್ಮೆ ಕೊಡಬಹುದು. ಹಬ್ಬಕ್ಕೆ ಊರಿಗೆ ಹೋದರೆ ಮೂರು ದಿನ ಯಾರೂ ಬರದೆ ಇರಬಹುದು. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಆದರೂ ಕೆಲಸ ಕೆಡುತ್ತದೆ. ಗುಣಮಟ್ಟ ಎಂಬುದು ಒಬ್ಬಳ ಸ್ವಭಾವದಲ್ಲಿ ಮಾತ್ರ ಇರುವುದಿಲ್ಲ. ಅವಳನ್ನು ಕಳಿಸಿದವರು ಮಾಡಿದ ಏರ್ಪಾಟಿನಲ್ಲಿ ಇರುತ್ತದೆ.

ಇದು ಹೊಸ ಮಾತಲ್ಲ. ದಾದಿಯರ ಕೆಲಸಕ್ಕೆ ಶಾಸ್ತ್ರದ ರೂಪ ಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ರೋಗಿಗಳ ಶುಶ್ರೂಷೆಯ ಬಗ್ಗೆ ಪುಸ್ತಕ ಬರೆದಾಗ, ಗಾಳಿ, ಬೆಳಕು, ಊಟಗಳ ಜೊತೆಗೆ ನಿರ್ವಹಣೆಗೆಂದೇ ಒಂದು ಅಧ್ಯಾಯ ಮೀಸಲಿಟ್ಟಳು. ನೋಡಿಕೊಳ್ಳುವವಳು ಪಕ್ಕಕ್ಕೆ ಹೋದಾಗಲೂ ರೋಗಿಯ ಕೆಲಸ ನಿಲ್ಲದಂತೆ ಏರ್ಪಾಟು ಇರಬೇಕು ಎಂಬುದು ಅದರ ಸಾರ. ಅದೇ 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವ್ಯಾಪಾರಿ ವಿಲಿಯಂ ರಾಥ್‌ಬೋನ್ ತನ್ನ ಹೆಂಡತಿಯ ಕೊನೆಯ ದಿನಗಳಲ್ಲಿ ನೋಡಿಕೊಂಡ ಮೇರಿ ರಾಬಿನ್ಸನ್ ಎಂಬ ದಾದಿಯನ್ನು ಸಂಬಳ ಕೊಟ್ಟು ಬಡವರ ಮನೆಗಳಿಗೆ ಕಳಿಸಿದ. ಅಲ್ಲಿಯ ದುಃಸ್ಥಿತಿ ನೋಡಿ ಆಕೆ ಮೊದಲು ಬಿಡುತ್ತೇನೆಂದಳು. ಫಲ ಕಂಡ ಮೇಲೆ ಉಳಿದಳು. ಆಗ ರಾಥ್‌ಬೋನ್ ಬರಿ ದಾದಿಯರನ್ನು ಹೆಚ್ಚಿಸಿ ಸುಮ್ಮನಾಗಲಿಲ್ಲ. ನೈಟಿಂಗೇಲಳ ಸಲಹೆ ಕೇಳಿ ತರಬೇತಿ ಶಾಲೆ ತೆರೆಸಿದ. ನಗರವನ್ನು 18 ಭಾಗ ಮಾಡಿ ಪ್ರತಿ ಭಾಗಕ್ಕೂ ಮೇಲ್ವಿಚಾರಣೆ ಏರ್ಪಡಿಸಿದ. ಮನೆ ಆರೈಕೆ ಹುಟ್ಟಿದ ದಿನದಿಂದಲೇ ತರಬೇತಿ ಮತ್ತು ಮೇಲ್ವಿಚಾರಣೆ ಅದರ ಎರಡು ಕಾಲು. ಇಂದಿನ ಎಷ್ಟೋ ಏಜೆನ್ಸಿಗಳು ಆ ಎರಡನ್ನೂ ಬಿಟ್ಟು ಕುಂಟುತ್ತಿವೆ.

ದ್ರಾಕ್ಷಿ ಕಲಿಸಿದ ಪಾಠ

'ಸ್ಟ್ಯಾಂಡರ್ಡ್' ಎಂಬ ಮಾತು ಕೇಳಿ ಹೆದರಬೇಕಾಗಿಲ್ಲ. ದ್ರಾಕ್ಷಿ ಬೆಳೆಯುವ ನಮ್ಮ ರೈತರಿಗೆ ಇದು ಚೆನ್ನಾಗಿ ಗೊತ್ತು. ಯುರೋಪಿಗೆ ದ್ರಾಕ್ಷಿ ಕಳಿಸಬೇಕಾದರೆ ತೋಟ ನೋಂದಣಿಯಾಗಬೇಕು. ಯಾವ ದಿನ ಯಾವ ಔಷಧ ಎಷ್ಟು ಹೊಡೆದೆವು ಎಂದು ವಹಿಯಲ್ಲಿ ಬರೆಯಬೇಕು. ಔಷಧ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಗೊನೆ ಕತ್ತರಿಸಬೇಕೆಂಬ ಲೆಕ್ಕ ಇಡಬೇಕು. 2006ರಲ್ಲಿ ಗ್ರೇಪ್‌ನೆಟ್ ವ್ಯವಸ್ಥೆ ಬಂದ ಮೇಲೆ ಪರದೇಶದ ಅಂಗಡಿಯಲ್ಲಿರುವ ಪೆಟ್ಟಿಗೆಯಿಂದ ಹಿಂದಕ್ಕೆ ಬಂದು ತೋಟವನ್ನೇ ಹುಡುಕಬಹುದು.

ಆದರೂ 2010ರಲ್ಲಿ ಪೆಟ್ಟು ಬಿತ್ತು. ಬಳ್ಳಿಯ ಕುಡಿ ವಿಪರೀತ ಬೆಳೆಯದಂತೆ ತಡೆಯಲು ಹೊಡೆಯುವ ಕ್ಲೋರ್ಮೆಕ್ವಾಟ್ ಕ್ಲೋರೈಡ್ – ಲಿಹೋಸಿನ್ ಎಂದರೆ ಬೇಗ ಗುರುತು ಸಿಗುತ್ತದೆ – ಅದರ ಅಂಶ ಯುರೋಪಿನಲ್ಲಿ ನಮ್ಮ ದೇಶದ ದ್ರಾಕ್ಷಿಯಲ್ಲಿ ಮಿತಿಗಿಂತ ಹೆಚ್ಚು ಕಂಡಿತು. ಕಂಟೇನರುಗಳು ತಿರಸ್ಕಾರವಾದವು, ರೈತರು ಮತ್ತು ವ್ಯಾಪಾರಿಗಳು ನಷ್ಟಕ್ಕೆ ಬಿದ್ದರು. ಇಲ್ಲಿ ಪರೀಕ್ಷೆ ನಡೆದಿರಲಿಲ್ಲವೆಂದಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ಆ ಔಷಧದ ಹೆಸರೇ ಇರಲಿಲ್ಲ. ಆಮೇಲೆ ಪಟ್ಟಿಗೆ ಅದನ್ನು ಸೇರಿಸಿದರು.

ಗುಣಮಟ್ಟದ ನಿರ್ವಹಣೆ ಎಂದರೆ ಇಷ್ಟೇ. ಏನು ಮಾಡಬೇಕೆಂದು ಮೊದಲು ಬರೆದುಕೊಳ್ಳುವುದು, ಬರೆದಂತೆ ಮಾಡುವುದು, ಮಾಡಿದ್ದನ್ನು ಬರೆದಿಡುವುದು, ಬೇರೊಬ್ಬರು ಬಂದು ತಾಳೆ ನೋಡುವುದು, ತಪ್ಪು ಸಿಕ್ಕಾಗ ಪಟ್ಟಿಯನ್ನೇ ತಿದ್ದುವುದು. 1987ರಲ್ಲಿ ಮೊದಲು ಹೊರಬಂದ ಐ.ಎಸ್.ಓ. 9001 ಎಂಬ ಲೋಕಪ್ರಸಿದ್ಧ ಮಾನದಂಡದ ಹುರುಳೂ ಇದೇ. ನಮ್ಮ ದೇಶದಲ್ಲಿ ಆಸ್ಪತ್ರೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಎನ್.ಎ.ಬಿ.ಎಚ್. ಮಂಡಳಿ ನೋಡುವುದೂ ಈ ದಾರಿಯನ್ನೇ. ಹತ್ತು ಹೆಂಗಸರ ಏಜೆನ್ಸಿಗೆ ದೊಡ್ಡ ಪ್ರಮಾಣಪತ್ರದ ಖರ್ಚು ಭಾರವಾಗಬಹುದು. ಆದರೆ ಅದರ ಹುರುಳಿಗೆ ಒಂದು ವಹಿ, ಒಂದು ಪೆನ್ನು ಸಾಕು. ಲಂಡನ್ನಿನಲ್ಲಿ ತಿನ್ನುವವರ ಸಲುವಾಗಿ ಔಷಧದ ಲೆಕ್ಕ ಬರೆಯುವ ನಾವು ನಮ್ಮ ಅವ್ವನ ಗುಳಿಗೆಯ ಲೆಕ್ಕ ಬರೆಯಲಾರೆವೇ?

ಗಡಚಿರೋಲಿಯ ಹೆಂಗಸರು

"ನಮ್ಮ ಹಳ್ಳಿಯ ಹೆಂಗಸರಿಗೆ ಇದೆಲ್ಲ ಎಲ್ಲಿ ಆಗುತ್ತದೆ?" ಎನ್ನುವವರಿಗೆ ನಮ್ಮ ಮಹಾರಾಷ್ಟ್ರದಲ್ಲೇ ಉತ್ತರವಿದೆ. ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ ಬಂಗ ಮತ್ತು ಡಾ. ರಾಣಿ ಬಂಗ ದಂಪತಿಯ 'ಸರ್ಚ್' ಸಂಸ್ಥೆ 39 ಹಳ್ಳಿಗಳಲ್ಲಿ ಐದರಿಂದ ಹತ್ತು ಇಯತ್ತೆ ಓದಿದ ಹೆಂಗಸರನ್ನು ಆರಿಸಿ, ಹಸುಗೂಸುಗಳನ್ನು ಮನೆಯಲ್ಲೇ ನೋಡಿಕೊಳ್ಳಲು ಕಲಿಸಿತು. ಅದರ ಫಲ 1999ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರನೆಯ ವರ್ಷಕ್ಕೆ, ಹೋಲಿಕೆಗೆಂದು ಇಟ್ಟುಕೊಂಡ ಹಳ್ಳಿಗಳೊಡನೆ ತೂಗಿದರೆ, ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿದಿತ್ತು.

ಇದರಲ್ಲಿ ಜನ ಗಮನಿಸದೆ ಬಿಡುವ ಒಂದು ಅಂಶವಿದೆ. ಹದಿನೈದು ದಿನಕ್ಕೊಮ್ಮೆ ಒಬ್ಬ ಡಾಕ್ಟರು ಪ್ರತಿ ಹಳ್ಳಿಗೆ ಬರುತ್ತಿದ್ದರು. ಬರುತ್ತಿದ್ದುದು ಔಷಧ ಕೊಡಲು ಅಲ್ಲ. ಆ ಹೆಂಗಸರು ಬರೆದದ್ದನ್ನು ತಾಳೆ ನೋಡಲು, ತಿದ್ದಲು, ಕಲಿಸಲು. ಕೈ ಹೆಂಗಸರದು, ಕಣ್ಣು ಇಬ್ಬರದು. ಈ ಅನುಭವದ ಆಧಾರದ ಮೇಲೆ 2011ರಲ್ಲಿ ಕೇಂದ್ರ ಸರಕಾರ ಆಶಾ ಕಾರ್ಯಕರ್ತೆಯರ ಮೂಲಕ ಇದೇ ಪದ್ಧತಿಯನ್ನು ದೇಶಕ್ಕೆಲ್ಲ ಹಬ್ಬಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಬಂದು ಕೂಸಿನ ತೂಕ ಬರೆದುಕೊಳ್ಳುವುದನ್ನು ನಮ್ಮ ತಾಯಂದಿರು ನೋಡಿದ್ದೀರಿ. ಕೂಸಿಗೆ ಇರುವ ಈ ಶಿಸ್ತು ಮುದುಕರಿಗೂ ಬೇಕು.

ಚಿಕ್ಕ ಏಜೆನ್ಸಿಯಲ್ಲಿ ಇರಲೇಬೇಕಾದವು

ಏಜೆನ್ಸಿ ನಡೆಸುವವರು, ಅಥವಾ ಮುಂದೆ ನಡೆಸಬೇಕೆಂದಿರುವ ನಮ್ಮ ಹೆಣ್ಣುಮಕ್ಕಳು, ಈ ಏಳು ಅಂಶಗಳನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಲಿ. ಕರೆಸುವ ಮನೆಯವರೂ ಇವನ್ನೇ ಕೇಳಲಿ.

1. ಮೊದಲು ಮನೆ ನೋಡುವುದು. ಫೋನಿನಲ್ಲಿ ಕೇಳಿ ಹೆಂಗಸನ್ನು ಬಸ್ಸು ಹತ್ತಿಸಬಾರದು. ತಿಳಿದವರು ಒಮ್ಮೆ ಬಂದು ರೋಗಿಯನ್ನು, ಹೊರಸನ್ನು, ಪಾಯಖಾನೆಯ ದಾರಿಯನ್ನು, ಡಾಕ್ಟರರ ಚೀಟಿಯನ್ನು ನೋಡಬೇಕು.

2. ಕೆಲಸದ ಪಟ್ಟಿ. ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸುವುದು, ಯಾವ ಗುಳಿಗೆ ಯಾವಾಗ, ಏನು ಉಣಿಸುವುದು ಎಂದು ಒಂದೇ ಹಾಳೆಯಲ್ಲಿ ಬರೆಯಬೇಕು. ಮಾವಶಿ ಏನು ಮಾಡಬಾರದು ಎಂಬುದನ್ನೂ ಅದೇ ಹಾಳೆಯಲ್ಲಿ ಕಾಣಿಸಬೇಕು.

3. ನರ್ಸ್ ಯಾರು, ಸಹಾಯಕಿ ಯಾರು ಎಂಬ ಗೆರೆ. ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಓದು. ಓದಿದವರ ಹೆಸರು ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾಗಿರುತ್ತದೆ. ಸ್ನಾನ, ಊಟ, ಮಗ್ಗುಲು ಬದಲಿಸುವುದು ಸಹಾಯಕಿಯ ಕೆಲಸ. ಸಲಾಯಿನ್ ಹಚ್ಚುವುದು, ಮೂಗಿನ ನಳಿಗೆ ಹಾಕುವುದು, ಮೂತ್ರದ ನಳಿಗೆ ಬದಲಿಸುವುದು ಅವಳದಲ್ಲ. ಬಿಳಿ ಕೋಟು ತೊಡಿಸಿ ಸಹಾಯಕಿಯನ್ನು 'ನರ್ಸ್' ಎಂದು ಕಳಿಸುವುದು ರೋಗಿಗೂ ಮೋಸ, ಆ ಹೆಂಗಸಿಗೂ ಅಪಾಯ.

4. ಹಾಸಿಗೆ ಬದಿಯ ವಹಿ. ಇದು ಏಜೆನ್ಸಿಯ ಕಚೇರಿಯಲ್ಲಿ ಅಲ್ಲ, ರೋಗಿಯ ಮನೆಯಲ್ಲಿ ಇರಬೇಕು. ಪಾಳಿ ಬದಲಾಗುವಾಗ ಇಬ್ಬರೂ ನಿಂತು ಓದಿ ಹೇಳಿ ಒಪ್ಪಿಸಬೇಕು.

5. ಹೇಳದೆ ಬರುವ ಮೇಲ್ವಿಚಾರಣೆ. ಹದಿನೈದು ದಿನಕ್ಕೆ ಒಮ್ಮೆಯಾದರೂ ಏಜೆನ್ಸಿಯ ಹಿರಿಯರೊಬ್ಬರು ಬಂದು ವಹಿ ಓದಿ, ರೋಗಿಯ ಬೆನ್ನು ನೋಡಿ, ಸಹಿ ಮಾಡಬೇಕು.

6. ಬದಲಿ ವ್ಯವಸ್ಥೆ. ಮಾವಶಿಗೆ ಜ್ವರ ಬಂದರೆ ಯಾರು ಬರುತ್ತಾರೆ ಎಂಬುದನ್ನು ಮೊದಲ ದಿನವೇ ಹೇಳಬೇಕು. ಆ ಬದಲಿಯವಳು ಒಮ್ಮೆ ಮನೆ ನೋಡಿ ಹೋಗಿರಬೇಕು.

7. ಅವಘಡದ ಲೆಕ್ಕ. ತಿಂಗಳಿಗೊಮ್ಮೆ ನಾಲ್ಕು ಸಂಖ್ಯೆ ಬರೆಯಿರಿ: ಯಾರೂ ಬರದೆ ಹೋದ ದಿನಗಳೆಷ್ಟು, ಹೊಸದಾಗಿ ಆದ ಹಾಸಿಗೆ ಹುಣ್ಣು ಎಷ್ಟು, ರೋಗಿ ಬಿದ್ದದ್ದು ಎಷ್ಟು ಸಲ, ತಪ್ಪಿದ ಗುಳಿಗೆ ಎಷ್ಟು.

ಕೊನೆಯದರ ಬಗ್ಗೆ ಒಂದು ಎಚ್ಚರ. "ಅಜ್ಜಿ ಬಿದ್ದಳು" ಎಂದು ಬರೆದ ಹೆಂಗಸನ್ನು ಅಂದೇ ಕೆಲಸದಿಂದ ತೆಗೆದರೆ ಮುಂದೆ ಯಾರೂ ನಿಜ ಬರೆಯುವುದಿಲ್ಲ. ವಹಿ ತುಂಬ ಎಲ್ಲ ಸರಿ, ಹೊರಸಿನ ಮೇಲೆ ಎಲ್ಲ ತಪ್ಪು ಎಂಬಂತಾಗುತ್ತದೆ. ಯಾಕೆ ಬಿದ್ದಳು ಎಂದು ಕೇಳಬೇಕು: ರಾತ್ರಿ ದೀಪ ಇರಲಿಲ್ಲವೇ, ನೆಲ ಒದ್ದೆಯಾಗಿತ್ತೇ, ಹೊಸ ಗುಳಿಗೆಯಿಂದ ತಲೆ ತಿರುಗಿತೇ? ಉತ್ತರ ಸಿಕ್ಕರೆ ಪಟ್ಟಿಗೆ ಒಂದು ಸಾಲು ಸೇರುತ್ತದೆ. ಲಿಹೋಸಿನ್ನಿನ ಹೆಸರು ಪಟ್ಟಿಗೆ ಸೇರಿದ್ದೂ ಹೀಗೆಯೇ.

ಹುಣ್ಣು ಹೇಳುವ ನಿಜ

ಆರೈಕೆ ಸರಿಯಿದೆಯೋ ಇಲ್ಲವೋ ತಿಳಿಯಲು ರೋಗಿಯ ಬೆನ್ನು ನೋಡಿದರೆ ಸಾಕು ಎನ್ನುವ ಅನುಭವಸ್ಥರಿದ್ದಾರೆ. ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಟೊಂಕದ ಕೆಳಗೆ, ಚಪ್ಪೆಯ ಎಲುಬಿನ ಮೇಲೆ, ಹಿಮ್ಮಡಿಯಲ್ಲಿ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಮೊದಲು ಕಲೆ, ಆಮೇಲೆ ಹುಣ್ಣು, ಆಮೇಲೆ ಎಲುಬಿನ ತನಕ ಗುಂಡಿ. ಅಲ್ಲಿಂದ ನಂಜು ರಕ್ತಕ್ಕೆ ಸೇರಿದರೆ ಲಕ್ವಾದಿಂದ ಉಳಿದ ಜೀವ ಹುಣ್ಣಿನಿಂದ ಹೋಗುತ್ತದೆ.

ಯಾರಿಗೆ ಹುಣ್ಣಾಗುವ ಭಯ ಹೆಚ್ಚು ಎಂದು ಮೊದಲೇ ತಿಳಿಯಲು ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ನರ್ಸ್‌ಗಳು ಒಂದು ಅಂಕಪಟ್ಟಿ ಮಾಡಿದರು; 1987ರಲ್ಲಿ ಅದು ಪ್ರಕಟವಾಯಿತು. ನೋವು ತಿಳಿಯುತ್ತದೆಯೇ, ಚರ್ಮ ಒದ್ದೆ ಇರುತ್ತದೆಯೇ, ಎದ್ದು ಓಡಾಡುತ್ತಾರೆಯೇ, ತಾವೇ ಹೊರಳುತ್ತಾರೆಯೇ, ಊಟ ಹೇಗಿದೆ, ಎಳೆಯುವಾಗ ಚರ್ಮ ಉಜ್ಜುತ್ತದೆಯೇ – ಈ ಆರು ವಿಷಯಕ್ಕೆ ಅಂಕ ಹಾಕಿ ಕೂಡಿಸುವುದು. ಒಟ್ಟು 6ರಿಂದ 23. ಅಂಕ 18 ಅಥವಾ ಅದಕ್ಕಿಂತ ಕಡಿಮೆಯಾದರೆ ಎಚ್ಚರ. ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಮನೆ ನೋಡಲು ಬಂದ ಮೊದಲ ದಿನವೇ ಈ ಅಂಕ ಬರೆದುಕೊಂಡ ಏಜೆನ್ಸಿ ತನ್ನ ಕೆಲಸ ಬಲ್ಲದು ಎಂದು ತಿಳಿಯಿರಿ.

ಮಾಡಬೇಕಾದ್ದು ಸರಳ. ತಾವೇ ಹೊರಳಲಾರದವರಿಗೆ ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ನಿಮ್ಮ ರೋಗಿಗೆ ಎಷ್ಟು ಹೊತ್ತಿಗೆ ಎಂದು ಡಾಕ್ಟರರು ಅಥವಾ ನರ್ಸ್ ಹೇಳಬೇಕು. ಎಳೆಯಬಾರದು, ಇಬ್ಬರು ಸೇರಿ ಹಚ್ಚಡ ಹಿಡಿದು ಎತ್ತಿ ಸರಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು. ಒದ್ದೆಯಾದ ಬಟ್ಟೆ ತಕ್ಷಣ ತೆಗೆಯಬೇಕು. ನಡುವೆ ತೂತಿರುವ ರಬ್ಬರಿನ ಬಳೆಯ ಮೇಲೆ ಕೂಡ್ರಿಸುವ ಹಳೆಯ ರೂಢಿ ಬಿಡಬೇಕು. ಅದು ಸುತ್ತಲಿನ ರಕ್ತ ತಡೆಯುತ್ತದೆ. ಕಲೆ ಬಿದ್ದ ಜಾಗವನ್ನು ತಿಕ್ಕಬಾರದು. ಗಾಳಿ ಹಾಸಿಗೆ ತಂದೆವೆಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸುವಂತಿಲ್ಲ. ಕರೆಂಟು ಹೋದರೆ ಅದರ ಪಂಪೂ ನಿಲ್ಲುತ್ತದೆ. ನಮ್ಮ ಕಡೆ ಕರೆಂಟು ಹೇಳಿ ಹೋಗುವುದಿಲ್ಲ. ಆದುದರಿಂದ ಇದನ್ನೂ ಪಟ್ಟಿಯಲ್ಲಿ ಬರೆಯಿರಿ.

ಇನ್ನೊಂದು ಮುಖ್ಯ ಮಾತು. ಪುಸ್ತಕಗಳಲ್ಲಿ "ಚರ್ಮ ಕೆಂಪಾಗುತ್ತದೆ" ಎಂದಿರುತ್ತದೆ. ಬಿಸಿಲಲ್ಲಿ ದುಡಿದ ನಮ್ಮ ಕಪ್ಪು ಮೈಯಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಪಕ್ಕದ ಚರ್ಮಕ್ಕಿಂತ ಬಿಸಿ ಎನಿಸಿದರೆ, ಗಟ್ಟಿ ಅಥವಾ ಮೆತ್ತಗೆ ಎನಿಸಿದರೆ, ಬಣ್ಣ ಇನ್ನಷ್ಟು ಕಪ್ಪಾಗಿದ್ದರೆ, ಮುಟ್ಟಿದಾಗ ನೋವೆಂದರೆ, ಅದೇ ಮೊದಲ ಗುರುತು. ಆ ಮಗ್ಗುಲಿಗೆ ಭಾರ ಹಾಕದೆ, ಅಂದೇ ನರ್ಸ್‌ಗೆ ತಿಳಿಸಿ.

ವಹಿಯಲ್ಲಿ ಏನು ಬರೆಯಬೇಕು?

ನೂರು ಪುಟದ ಶಾಲೆಯ ವಹಿ ಸಾಕು. ದಿನಕ್ಕೊಂದು ಪುಟ. ಆರು ಗೆರೆ ಎಳೆಯಿರಿ: ಸಮಯ, ಯಾವ ಮಗ್ಗುಲು, ಊಟ ಮತ್ತು ನೀರು, ಗುಳಿಗೆ, ಮಲಮೂತ್ರ, ಹೊಸದಾಗಿ ಕಂಡದ್ದು. ಗುಳಿಗೆ ಕೊಟ್ಟ ಮೇಲೆಯೇ ಗುರುತು ಹಾಕಬೇಕು. ಕೊಡುವ ಮೊದಲು ಹಾಕಬಾರದು. ಊಟ ಮಾಡಿಸುವಾಗ ರೋಗಿ ನೆಟ್ಟಗೆ ಕೂತಿರಬೇಕು, ಉಂಡ ಮೇಲೆ ಅರ್ಧ ತಾಸು ಹಾಗೆಯೇ ಇರಬೇಕು. ಉಣ್ಣುವಾಗ ಕೆಮ್ಮು ಬಂದರೆ, ದನಿ ತೇವವಾಗಿ ಗೊರಗೊರ ಎಂದರೆ, ನಿಲ್ಲಿಸಿ ಡಾಕ್ಟರರಿಗೆ ಹೇಳಿ. ಅನ್ನ ಶ್ವಾಸದ ದಾರಿಗೆ ಇಳಿದು ನ್ಯುಮೋನಿಯಾ ಆಗುವುದು ಹೀಗೆಯೇ. ಸಕ್ಕರೆ ಕಾಯಿಲೆಯವರು ಬೆವರಿ, ನಡುಗಿ, ಏನೇನೋ ಮಾತಾಡತೊಡಗಿದರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಹಾ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನು ಮಾಡಿ. ಆ ಸಂಖ್ಯೆ, ಡಾಕ್ಟರರ ಸಂಖ್ಯೆ, ಮಗನ ಸಂಖ್ಯೆ ವಹಿಯ ರಟ್ಟಿನ ಮೇಲೆಯೇ ಇರಲಿ.

ನಮ್ಮ ಗಡಿಯ ಊರುಗಳಿಗೆ ಇನ್ನೊಂದು ತೊಡಕಿದೆ. ಡಾಕ್ಟರರ ಚೀಟಿ ಇಂಗ್ಲಿಷಿನಲ್ಲಿ, ಮಿರಜದಿಂದ ಬಂದ ಮಾವಶಿಯ ಮಾತು ಮರಾಠಿ, ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದು. "ಎದಿ ಹಿಡಿದಂಗ ಆಗೇದ" ಎಂದು ಅಜ್ಜಿ ಹೇಳಿದ್ದು ಯಾರಿಗೂ ತಿಳಿಯದೆ ಹೋದರೆ ಉಳಿದ ಗುಣಮಟ್ಟ ಇದ್ದೇನು ಫಲ? ರೋಗಿಯ ಮಾತು ಬಲ್ಲವರನ್ನೇ ಕಳಿಸಬೇಕು ಎಂಬುದು ನಮ್ಮ ತಾಲೂಕಿನ ಮಟ್ಟಿಗೆ ಮೊದಲ ಮಾನದಂಡ. ಅದು ಆಗದಿದ್ದರೆ ನೋವು, ನೀರಡಿಕೆ, ಉಸಿರು, ಮೂತ್ರ, ಚಳಿ ಎಂಬ ಹತ್ತಿಪ್ಪತ್ತು ಶಬ್ದಗಳನ್ನು ಎರಡೂ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಓದು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಬರೆದು ಅದರ ಕೆಳಗೆ ಗುಳಿಗೆಯ ಖಾಲಿ ಕಾಗದ ಅಂಟಿಸಿಕೊಟ್ಟರೂ ಕೆಲಸ ನಡೆಯುತ್ತದೆ.

ನೋಡಿಕೊಳ್ಳುವವಳನ್ನು ನೋಡಿಕೊಳ್ಳುವವರು ಯಾರು?

ಎತ್ತಿಗೆ ಮೇವು ಹಾಕದೆ ಗಳೆ ಹೂಡುವ ರೈತನನ್ನು ಊರು ಬೈಯುತ್ತದೆ. ಇಪ್ಪತ್ನಾಲ್ಕು ತಾಸು ಮಾವಶಿಯನ್ನು ದುಡಿಸುವ ಮನೆಯನ್ನು ಯಾರೂ ಬೈಯುವುದಿಲ್ಲ. ರಾತ್ರಿ ಎರಡು ತಾಸಿಗೊಮ್ಮೆ ಎದ್ದವಳು ಹಗಲು ಮಲಗದಿದ್ದರೆ ಮೂರನೆಯ ದಿನ ಗುಳಿಗೆ ತಪ್ಪುತ್ತಾಳೆ. ಅವಳಿಗೆ ಮಲಗಲು ಬೇರೆ ಜಾಗ, ಮನೆಯವರು ಉಣ್ಣುವ ಊಟವೇ, ಬಾಗಿಲಿಗೆ ಚಿಲಕವಿರುವ ಬಚ್ಚಲು, ವಾರಕ್ಕೊಂದು ಬಿಡುವು, ತಿಂಗಳ ನಿಶ್ಚಿತ ದಿನ ಸಂಬಳ – ಇವು ಉಪಕಾರವಲ್ಲ, ಗುಣಮಟ್ಟದ ಭಾಗ. ಮನೆಯವರು ಏಜೆನ್ಸಿಗೆ ಕೊಟ್ಟದ್ದರಲ್ಲಿ ಅವಳ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿರಿ.

ಮಗಳನ್ನು ಈ ಕೆಲಸಕ್ಕೆ ಕಳಿಸುವ ತಾಯಿತಂದೆಯರಿಗೆ ಒಂದು ಮಾತು. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಖಾಸಗಿ ಮನೆಯನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಯಾವ ಮನೆಗೆ ಹೋಗುತ್ತಿದ್ದಾಳೆ ಎಂಬ ವಿಳಾಸ ಇಲ್ಲದೆ, ಕೆಲಸ ಬಿಡುವ ಸ್ವಾತಂತ್ರ್ಯ ಇಲ್ಲದೆ ಮಗಳನ್ನು ಯಾವ ಏಜೆನ್ಸಿಗೂ ಒಪ್ಪಿಸಬೇಡಿ. ಮೂಲ ಆಧಾರ್ ಕಾರ್ಡು ಏಜೆನ್ಸಿಯವರ ಬಳಿ ಬಿಡಬೇಡಿ, ನಕಲು ಸಾಕು.

ವಹಿ ಅವಳನ್ನೂ ಕಾಯುತ್ತದೆ. ಮುತ್ಯಾ ತೀರಿಹೋದಾಗ ದುಃಖದಲ್ಲಿದ್ದ ಮಕ್ಕಳು "ನೀನೇ ಸರಿಯಾಗಿ ನೋಡಲಿಲ್ಲ" ಎಂದು ಎಗರುವುದುಂಟು. ಬಾಯಿಮಾತಿನ ಕೆಲಸಕ್ಕೆ ಸಾಕ್ಷಿಯಿಲ್ಲ. ದಿನದಿನದ ಪುಟ ತೆರೆದು ತೋರಿಸಬಲ್ಲ ಹೆಂಗಸನ್ನು ಸುಮ್ಮನೆ ಹೊರಗೆ ದೂಡುವುದು ಸುಲಭವಲ್ಲ.

ದುಡ್ಡು, ಕಾಗದ, ಮತ್ತು ದುಡ್ಡಿಲ್ಲದವರ ದಾರಿ

ಎಷ್ಟು ತಾಸು, ಎಷ್ಟು ದುಡ್ಡು, ಮುಂಗಡ ಎಷ್ಟು, ಬಿಟ್ಟರೆ ಎಷ್ಟು ವಾಪಸು – ಇಷ್ಟನ್ನು ಬರೆದ ಕಾಗದ ಮತ್ತು ಪ್ರತಿ ತಿಂಗಳ ಪಾವತಿ ತೆಗೆದುಕೊಳ್ಳಿ. ದುಡ್ಡು ಪಡೆದು ಒಪ್ಪಿದ ಸೇವೆ ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಪಾವತಿಯೇ ಇಲ್ಲದೆ ಹೋದರೆ ಕೇಸಿಗೆ ಬಲ ಬಾರದು. ಮಾವಶಿಗೆ ಏ.ಟಿ.ಎಂ. ಕಾರ್ಡು ಕೊಡುವುದು, ಅವಳ ಮುಂದೆ ಬಂಗಾರ ಬಿಟ್ಟು ಹೋಗುವುದು ಎರಡೂ ತಪ್ಪು. ಇದರಿಂದ ಒಳ್ಳೆಯವರ ಮೇಲೂ ಸಂಶಯ ಬರುತ್ತದೆ. 70 ದಾಟಿದವರಿಗೆ 2024ರಲ್ಲಿ ಆಯುಷ್ಮಾನ್ ಯೋಜನೆ ವಿಸ್ತರಿಸಿದ್ದು ಆಸ್ಪತ್ರೆಯಲ್ಲಿ ದಾಖಲಾದಾಗಿನ ಖರ್ಚಿಗೆ. ಮನೆಯ ಮಾವಶಿಯ ಸಂಬಳಕ್ಕಲ್ಲ. ಯಾರಾದರೂ ಹಾಗೆ ಹೇಳಿ ಮುಂಗಡ ಕೇಳಿದರೆ ನಂಬಬೇಡಿ.

ದುಡ್ಡೇ ಇಲ್ಲದವರ ಗತಿ ಏನು? ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳ ಮನೆಗೆ ನರ್ಸ್ ಮತ್ತು ಆಪ್ತಸಲಹೆಗಾರರನ್ನು ಉಚಿತವಾಗಿ ಕಳಿಸುತ್ತ ಬಂದಿದೆ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ನೋವು ಶಮನದ ಕೆಲಸ, ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ಊರಿನ ಜನ ವಾರದಲ್ಲಿ ಕೆಲವು ತಾಸು ಕೊಟ್ಟು, ಕಲಿತು, ನರ್ಸ್ ಜೊತೆ ಮನೆಮನೆಗೆ ಹೋದರು. 2008ರಲ್ಲಿ ಆ ರಾಜ್ಯದ ಸರಕಾರ ಇದನ್ನೇ ತನ್ನ ನೀತಿಯಾಗಿ ಒಪ್ಪಿಕೊಂಡಿತು. ಅಲ್ಲಿಯೂ ಆಧಾರ ಬರಿ ಕರುಣೆಯಲ್ಲ. ತರಬೇತಿ, ಬರೆದ ದಾಖಲೆ, ನರ್ಸ್‌ನ ಮೇಲ್ವಿಚಾರಣೆ.

ನಮ್ಮ ಊರುಗಳಲ್ಲಿ ಹೆಂಗಸರ ಬಚತ ಗಟಗಳಿವೆ. ತಿಂಗಳ ಲೆಕ್ಕ ಒಂದು ರೂಪಾಯಿ ತಪ್ಪದಂತೆ ಬರೆಯುವ ಕೈಗಳು ಅಲ್ಲಿವೆ. ಹತ್ತು ಹೆಂಗಸರು ಸೇರಿ, ಒಬ್ಬ ನಿವೃತ್ತ ನರ್ಸನ್ನು ಗೌರವದಿಂದ ಕರೆದು ಮೂರು ತಿಂಗಳು ಕಲಿತರೆ, ಕನ್ನಡ ಬಲ್ಲ, ಲೆಕ್ಕ ಬಲ್ಲ, ನಂಬಿಕೆಯ ಒಂದು ಚಿಕ್ಕ ಆರೈಕೆ ತಂಡ ನಮ್ಮ ತಾಲೂಕಿನಲ್ಲೇ ಹುಟ್ಟಬಹುದು. ಮಿರಜದ ಬಸ್ಸಿಗೆ ಕಾಯಬೇಕಾಗಿಲ್ಲ.

ಅದಾಗುವ ತನಕ ಒಂದು ಕೆಲಸ ಮಾಡಿರಿ. ಮನೆಯಲ್ಲಿ ಹೊರಸು ಹಿಡಿದವರಿದ್ದರೆ, ಮಾವಶಿ ಇರಲಿ, ಸೊಸೆಯೇ ನೋಡಿಕೊಳ್ಳುತ್ತಿರಲಿ, ಇಂದು ಸಂಜೆ ಮಕ್ಕಳ ಒಂದು ಹಳೆಯ ವಹಿ ತೆಗೆದು ಆರು ಗೆರೆ ಎಳೆಯಿರಿ. ದೂರದಲ್ಲಿರುವ ಮಗನಿಗೆ ಹೇಳಿ: ಫೋನು ಮಾಡಿದಾಗ "ಹೆಂಗಿದಾರ?" ಎಂದಷ್ಟೇ ಕೇಳಬೇಡ, "ಇವತ್ತಿನ ಪುಟ ಓದಿ ಹೇಳು" ಎಂದು ಕೇಳು. ಮೊದಲ ಪ್ರಶ್ನೆಗೆ "ಆರಾಮ ಅದಾರ" ಎಂಬ ಉತ್ತರ ಬರುತ್ತದೆ. ಎರಡನೆಯದಕ್ಕೆ ನಿಜವಾದ ಉತ್ತರ ಬರುತ್ತದೆ.